ನ್ಯಾಯಾಲಯದಲ್ಲಿ ‘ಗೊತ್ತಿಲ್ಲ’ ಎಂಬ ಮಾತಿನ ತೂಕ

(ಕಲಬುರಗಿಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಿಂಚೋಳಿ ಕಡೆಯವರು ಯಾರಾದರೂ ಬಂದಿದ್ದೀರಾ? ನಾಲ್ಕೈದು ಕೈ ಕಾಣುತ್ತಿವೆ. ಹಾಗಾದರೆ 2021ರ ಅಕ್ಟೋಬರ್ ನಿಮಗೆ ಚೆನ್ನಾಗಿ ನೆನಪಿರುತ್ತದೆ. ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು ಬರುತ್ತಿತ್ತು. ಮತ್ತೆ ಮತ್ತೆ ನಡುಕ. ಒಂದು ನಡುಕದ ತೀವ್ರತೆ 4 ದಾಟಿತ್ತು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಮುಂದಿನ ವರ್ಷ ಜೂನ್ ಕೊನೆಯಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯ ಚೆಂಬು, ಸಂಪಾಜೆ ಕಡೆಯೂ ಹೀಗೇ ಆಯಿತು. ಎರಡೂ ಕಡೆ ಅದೃಷ್ಟವಶಾತ್ ದೊಡ್ಡದೇನೂ ಬರಲಿಲ್ಲ.

ಈಗ ಇನ್ನೊಂದು ಊರಿನ ಕಥೆ. ಇಲ್ಲಿಂದ ಬಹಳ ದೂರವೇನಲ್ಲ, ಕಿಲ್ಲಾರಿ. 1992ರಲ್ಲಿ ಅಲ್ಲಿಯೂ ಸಣ್ಣ ನಡುಕಗಳು ಸಾಲಾಗಿ ಬಂದವು. ಜನ ಹೆದರಿದರು, ಹೊರಗೆ ಮಲಗಿದರು. ಆಮೇಲೆ ನಡುಕ ನಿಂತಿತು. ಎಲ್ಲರೂ ಮನೆಯೊಳಗೆ ಹೋದರು. 1993ರ ಸೆಪ್ಟೆಂಬರ್ 30, ಗಣಪತಿ ವಿಸರ್ಜನೆ ಮುಗಿದ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ಕೆಲವೇ ನಿಮಿಷ ಇರುವಾಗ ಭೂಕಂಪ ಬಂತು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದ ಹತ್ತಿರ ಜನ ಹೋದರು. ದಪ್ಪ ಕಲ್ಲಿನ ಗೋಡೆ, ಮಣ್ಣು ಹೇರಿದ ಮಾಳಿಗೆ. ಮಲಗಿದ್ದವರ ಮೇಲೇ ಬಿತ್ತು.

ಅಂದರೆ ಸಣ್ಣ ನಡುಕಗಳ ಸಾಲು ಒಂದು ಕಡೆ ಸುಮ್ನೆ ಮುಗಿಯುತ್ತದೆ. ಇನ್ನೊಂದು ಕಡೆ ದೊಡ್ಡ ಅನಾಹುತಕ್ಕೆ ಮುಂಚೆ ಬಂದಿರುತ್ತದೆ. ಯಾವುದು ಯಾವುದು ಅಂತ ಮೊದಲೇ ಹೇಳುವ ವಿದ್ಯೆ ಇವತ್ತಿಗೂ ಭೂಮಿಯ ಮೇಲೆ ಯಾರ ಬಳಿಯೂ ಇಲ್ಲ. ನಾನು ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಇಂಥ ‘ಗೊತ್ತಿಲ್ಲ’ ಕೋರ್ಟಿನ ಮೆಟ್ಟಿಲು ಹತ್ತಿದಾಗ ಏನಾಗುತ್ತದೆ? ನ್ಯಾಯಾಧೀಶರಿಗೆ ತೀರ್ಪು ಬೇಕು. ಹೌದು ಅಥವಾ ಇಲ್ಲ. ವಿಜ್ಞಾನ ಕೊಡುವುದು ‘ಇರಬಹುದು’. ಈ ಎರಡೂ ಮುಖಾಮುಖಿಯಾದ ಒಂದು ಪ್ರಕರಣವನ್ನು ಇವತ್ತು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಇಟಲಿಯ ಲಾಕ್ವಿಲಾ ಎಂಬ ಊರಿನದು.

ಲಾಕ್ವಿಲಾ ರೋಮ್‌ನಿಂದ ಪೂರ್ವಕ್ಕೆ, ಬೆಟ್ಟಗಳ ನಡುವೆ ಇರುವ ಹಳೆಯ ಪಟ್ಟಣ. 1703ರಲ್ಲಿ ಒಂದು ಭೂಕಂಪ ಅದನ್ನು ನೆಲಸಮ ಮಾಡಿತ್ತು. ಅದಕ್ಕೂ ಮುಂಚೆ 1461ರಲ್ಲೂ ದೊಡ್ಡ ಪೆಟ್ಟು ಬಿದ್ದಿತ್ತು. ಹಾಗಾಗಿ ಅಲ್ಲಿನ ಹಿರಿಯರಲ್ಲಿ ಒಂದು ರೂಢಿ ಇತ್ತು. ನೆಲ ಜೋರಾಗಿ ನಡುಗಿದರೆ ಮನೆಯವರನ್ನೆಲ್ಲ ಎಬ್ಬಿಸಿ, ಕಂಬಳಿ ಹೊದಿಸಿ, ಚೌಕಕ್ಕೆ ಬರುವುದು. ಬೆಳಗಾಗುವವರೆಗೆ ಅಲ್ಲೇ ಇರುವುದು. ಇತ್ತೀಚಿನ ದಿನಗಳಲ್ಲಾದರೆ ಕಾರಿನಲ್ಲೇ ಮಲಗುವುದು. ಈ ರೂಢಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇಡೀ ಮೊಕದ್ದಮೆ ಇದರ ಮೇಲೆಯೇ ತಿರುಗುತ್ತದೆ.

2009ರ ಆರಂಭದಿಂದ ಅಲ್ಲಿ ಸಣ್ಣ ನಡುಕಗಳು ಶುರುವಾದವು. ಜನ ಕಂಗಾಲಾದರು. ಈ ನಡುವೆ ಜಾಂಪಾಲೊ ಜೂಲಿಯಾನಿ ಎಂಬ ಒಬ್ಬ ತಂತ್ರಜ್ಞ, ನೆಲದಿಂದ ಹೊಮ್ಮುವ ರೇಡಾನ್ ಅನಿಲ ಅಳೆದು ಭೂಕಂಪ ಮೊದಲೇ ಹೇಳಬಲ್ಲೆ ಎಂದ. ಹತ್ತಿರದ ಸುಲ್ಮೋನಾ ಊರಿಗೆ ಅಪಾಯವಿದೆ ಎಂಬ ಸುದ್ದಿ ಹರಡಿತು. ಅಲ್ಲಿ ಏನೂ ಆಗಲಿಲ್ಲ. ಸುಳ್ಳು ಗಾಬರಿ ಹುಟ್ಟಿಸಿದ ಆರೋಪ ಅವನ ಮೇಲೆ ಬಂತು. ಮಾರ್ಚ್ 30ರಂದು 4.1 ತೀವ್ರತೆಯ ನಡುಕ ಬಂತು. ಮರುದಿನವೇ, ಮಾರ್ಚ್ 31ಕ್ಕೆ, ದೇಶದ ದೊಡ್ಡ ವಿಪತ್ತುಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಆಯೋಗ ಲಾಕ್ವಿಲಾದಲ್ಲೇ ಸಭೆ ಸೇರಿತು. ಸಭೆ ನಡೆದದ್ದು ಸುಮಾರು ಒಂದು ಗಂಟೆ.

ಆ ದಿನ ನಾಗರಿಕ ರಕ್ಷಣಾ ಇಲಾಖೆಯ ಉಪ ಮುಖ್ಯಸ್ಥ ಬರ್ನಾರ್ಡೊ ಡೆ ಬರ್ನಾರ್ಡಿನಿಸ್ ಟೀವಿಗೆ ಒಂದು ಸಂದರ್ಶನ ಕೊಟ್ಟರು. ಸಭೆಗೆ ಮುಂಚೆ ಕೊಟ್ಟದ್ದು. ಅವರು ಹೇಳಿದ್ದರ ಸಾರ ಇಷ್ಟು: ಅಪಾಯವಿಲ್ಲ ಅಂತ ವಿಜ್ಞಾನಿಗಳು ನನಗೆ ಹೇಳುತ್ತಿದ್ದಾರೆ, ಏಕೆಂದರೆ ಸಣ್ಣ ಸಣ್ಣ ನಡುಕಗಳಿಂದ ಶಕ್ತಿ ಹೊರಹೋಗುತ್ತಲೇ ಇದೆ, ಇದು ಒಳ್ಳೆಯದೇ. ಹಾಗಾದರೆ ನೆಮ್ಮದಿಯಾಗಿ ಒಂದು ಲೋಟ ವೈನ್ ಕುಡಿಯಬಹುದಾ ಅಂತ ಪತ್ರಕರ್ತ ಕೇಳಿದ. ಖಂಡಿತ ಅಂತ ಅವರು ಒಪ್ಪಿದರು. ಆ ಸೀಮೆಯ ಮೊಂಟೆಪುಲ್ಚಾನೊ ವೈನಿನ ಹೆಸರನ್ನೂ ಹೇಳಿದರು.

ಆರು ದಿನಗಳ ನಂತರ, ಏಪ್ರಿಲ್ 6ರ ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ, 6.3 ತೀವ್ರತೆಯ ಭೂಕಂಪ. 309 ಜನ ಸತ್ತರು. ವಿದ್ಯಾರ್ಥಿ ನಿಲಯದ ಒಂದು ಭಾಗ ಕುಸಿದು ಎಂಟು ಮಕ್ಕಳು ಹೋದರು.

ಇಲ್ಲಿ ಒಂದು ನಿಮಿಷ ವಿಜ್ಞಾನಕ್ಕೆ ಬರೋಣ. ಸಣ್ಣ ನಡುಕ ಬಂದರೆ ಶಕ್ತಿ ಖರ್ಚಾಗುತ್ತದೆ, ದೊಡ್ಡದು ಬರುವುದಿಲ್ಲ ಅನ್ನುವ ಮಾತು ನಮ್ಮಲ್ಲೂ ಓಡಾಡುತ್ತದೆ. ಕುಕ್ಕರಿನ ಸೀಟಿ ಹೋದ ಹಾಗೆ ಅಂತ ಉಪಮೆಯನ್ನೂ ಕೊಡುತ್ತಾರೆ. ಅದು ತಪ್ಪು. ತೀವ್ರತೆಯ ಅಂಕಿ ಒಂದು ಮೆಟ್ಟಿಲು ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ರಿಂದ 6ಕ್ಕೆ ಹೋದರೆ ಸುಮಾರು 32 ಸಾವಿರ ಪಟ್ಟು. ಮಾರ್ಚ್ 30ರಂದು ಬಂದಂಥ ನಡುಕ ಎರಡು ಸಾವಿರದಷ್ಟು ಸೇರಿದರೆ ಏಪ್ರಿಲ್ 6ರ ಒಂದು ಭೂಕಂಪಕ್ಕೆ ಸಮ. ಅಷ್ಟು ನಡುಕಗಳಿಂದ ‘ಖಾಲಿ’ ಮಾಡಲು ಆಗುವುದೇ ಇಲ್ಲ. ಬದಲಿಗೆ, ನಡುಕಗಳ ಸಾಲು ಶುರುವಾದ ಜಾಗದಲ್ಲಿ ದೊಡ್ಡದು ಬರುವ ಸಾಧ್ಯತೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಮೊದಲು ತೀರಾ ಕಡಿಮೆ ಇದ್ದದ್ದು ಈಗಲೂ ಕಡಿಮೆಯೇ, ಆದರೆ ಮೊದಲಿನಷ್ಟು ಕಡಿಮೆ ಅಲ್ಲ. ಕೇಳಲು ಇದು ಕಿರಿಕಿರಿ ಅನಿಸುವ ಉತ್ತರ. ನಿಜವಾದ ಉತ್ತರ ಮಾತ್ರ ಅದೇ.

ಅಂದರೆ ಡೆ ಬರ್ನಾರ್ಡಿನಿಸ್ ಆಡಿದ್ದು ಅನಿಶ್ಚಿತ ವಿಜ್ಞಾನವಲ್ಲ. ತಪ್ಪು ವಿಜ್ಞಾನ. ಈ ವ್ಯತ್ಯಾಸವನ್ನು ಕೋರ್ಟು ಹಿಡಿಯಿತೇ?

ಆಯೋಗದ ಆರು ತಜ್ಞರು ಮತ್ತು ಡೆ ಬರ್ನಾರ್ಡಿನಿಸ್, ಒಟ್ಟು ಏಳು ಜನರ ಮೇಲೆ ಅಜಾಗರೂಕತೆಯಿಂದ ಸಾವಿಗೆ ಕಾರಣರಾದ ಆರೋಪ ಬಂತು. ಅವರಲ್ಲಿ ಎಂಜೊ ಬೋಸ್ಕಿಯಂಥ ದೇಶದ ಹಿರಿಯ ಭೂಕಂಪ ವಿಜ್ಞಾನಿಯೂ ಇದ್ದರು. ಜಗತ್ತಿನ ಐದು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಇಟಲಿಯ ರಾಷ್ಟ್ರಪತಿಗೆ ಪತ್ರ ಬರೆದರು. ಭೂಕಂಪ ಮೊದಲೇ ಹೇಳಲಿಲ್ಲ ಅಂತ ವಿಜ್ಞಾನಿಗಳನ್ನು ಜೈಲಿಗೆ ಹಾಕುತ್ತೀರಾ ಅಂತ. ನಮ್ಮ ಪತ್ರಿಕೆಗಳಲ್ಲೂ ಸುದ್ದಿ ಬಂದದ್ದು ಹೀಗೆಯೇ. ನಾನೂ ಆಗ ಕಾಲೇಜಿನಲ್ಲಿ ಮಕ್ಕಳ ಮುಂದೆ ಆ ಕೋರ್ಟನ್ನು ಬೈದಿದ್ದೆ. ಆಮೇಲೆ ತೀರ್ಪಿನ ವಿವರ ಓದಿದಾಗ ನನ್ನ ಅಭಿಪ್ರಾಯ ಬದಲಾಯಿತು.

2012ರ ಅಕ್ಟೋಬರ್ 22ರಂದು ನ್ಯಾಯಾಧೀಶ ಮಾರ್ಕೊ ಬಿಲ್ಲಿ ಏಳೂ ಜನರಿಗೆ ಆರು ವರ್ಷ ಜೈಲು ವಿಧಿಸಿದರು. ಸರ್ಕಾರಿ ವಕೀಲರು ಕೇಳಿದ್ದು ನಾಲ್ಕು ವರ್ಷ. ಕಾರಣಗಳನ್ನು ಬರೆದ ತೀರ್ಪು ಒಂಬೈನೂರು ಪುಟ ದಾಟಿತ್ತು. ಅದರಲ್ಲಿ ಅವರು ಸ್ಪಷ್ಟವಾಗಿ ಬರೆದರು: ಭೂಕಂಪ ಮುಂಚೆ ಹೇಳಲು ಆಗುವುದಿಲ್ಲ, ಅದಕ್ಕಾಗಿ ಇವರನ್ನು ಶಿಕ್ಷಿಸುತ್ತಿಲ್ಲ. ಇವರ ಕೆಲಸ ಅಪಾಯವನ್ನು ಅಳೆಯುವುದಾಗಿತ್ತು. ಆ ಅಳತೆ ಮೇಲುಮೇಲಿನದು, ಸಾರವಿಲ್ಲದ್ದು. ಹಳೆಯ ಕಟ್ಟಡಗಳು ಎಷ್ಟು ದುರ್ಬಲ, ಊರಿನ ಇತಿಹಾಸ ಏನು ಹೇಳುತ್ತದೆ, ಜನ ಏನು ಮಾಡಬೇಕು, ಯಾವುದನ್ನೂ ಗಂಭೀರವಾಗಿ ನೋಡಲಿಲ್ಲ.

ಇದು ಸರಿಯಾದ ಪ್ರಶ್ನೆ ಅಂತ ನನಗೆ ಈಗಲೂ ಅನಿಸುತ್ತದೆ. ತಜ್ಞರನ್ನು ‘ನಿಮ್ಮ ಮಾತು ನಿಜವಾಯಿತೇ’ ಅಂತ ಕೇಳಬಾರದು. ‘ಅವತ್ತು ನಿಮಗೆ ಗೊತ್ತಿದ್ದಷ್ಟನ್ನು ಪೂರ್ತಿ ಹೇಳಿದಿರಾ, ಗೊತ್ತಿಲ್ಲದ್ದನ್ನೂ ಹೇಳಿದಿರಾ’ ಅಂತ ಕೇಳಬೇಕು. ಡಾಕ್ಟರನ್ನು ನಾವು ಹಾಗೆ ತಾನೇ ನೋಡುವುದು? ರೋಗಿ ಉಳಿಯಲಿಲ್ಲ ಅನ್ನುವುದು ಡಾಕ್ಟರ ತಪ್ಪಿಗೆ ಪುರಾವೆಯಲ್ಲ. ಪರೀಕ್ಷೆಯನ್ನೇ ಮಾಡದೆ ‘ಏನೂ ಇಲ್ಲ, ಮನೆಗೆ ಹೋಗಿ’ ಅಂದಿದ್ದರೆ ಅದು ಬೇರೆ ಮಾತು.

ಆದರೆ ಶಿಕ್ಷೆ ಕೊಡಲು ಇನ್ನೊಂದು ಕೊಂಡಿ ಬೇಕಿತ್ತು. ಇವರ ಮಾತಿನಿಂದಲೇ ಜನ ಸತ್ತರು ಅಂತ ಹೇಗೆ ಸಾಬೀತು ಮಾಡುವುದು? ಕೊಂದದ್ದು ಭೂಕಂಪ, ಕುಸಿದ ಗೋಡೆ. ಮಾತು ಹೇಗೆ ಕೊಲ್ಲುತ್ತದೆ? ಆಗ ಕೋರ್ಟಿಗೆ ಬಂದದ್ದು ಆ ಹಳೆಯ ರೂಢಿ. ಬದುಕುಳಿದವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು. ಒಬ್ಬ ತಂದೆಯ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ತಾನು ಚಿಕ್ಕವನಿದ್ದಾಗ ನಡುಕ ಬಂದರೆ ತನ್ನ ಅಪ್ಪ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಈ ಸಲ ಟೀವಿಯಲ್ಲಿ ಕೇಳಿದ ಧೈರ್ಯದ ಮಾತು ನಂಬಿ ಮನೆಯಲ್ಲೇ ಉಳಿದರು. ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ಒಬ್ಬ ಮಾನವಶಾಸ್ತ್ರಜ್ಞರೂ ಕೋರ್ಟಿಗೆ ವರದಿ ಕೊಟ್ಟರು. ಅಧಿಕಾರದ ಜಾಗದಿಂದ, ವಿಜ್ಞಾನದ ಹೆಸರಿನಲ್ಲಿ ಬಂದ ಮಾತು ಜನರ ಹಳೆಯ ಎಚ್ಚರವನ್ನು ಹೇಗೆ ಸಡಿಲಿಸುತ್ತದೆ ಎಂದು ಅದರಲ್ಲಿ ವಿವರಿಸಿದ್ದರು. ಬಿಲ್ಲಿ ಅದನ್ನು ಒಪ್ಪಿದರು.

ಗಮನಿಸಿದಿರಾ? ಭೂಮಿಯ ಬಗೆಗಿನ ಅನಿಶ್ಚಿತತೆ ಒಂದು. ಅದರ ಪಕ್ಕದಲ್ಲೇ ಮನುಷ್ಯರ ಬಗೆಗಿನ ಅನಿಶ್ಚಿತತೆ ಇನ್ನೊಂದು. ಆ ಮಾತು ಕೇಳದಿದ್ದರೆ ಇವರು ಹೊರಗೆ ಮಲಗುತ್ತಿದ್ದರೇ? ನಿಜವಾಗಿ ಯಾರಿಗೆ ಗೊತ್ತು? ಎರಡನೆಯದು ಮೊದಲನೆಯದಕ್ಕಿಂತ ಕಷ್ಟ ಅಂತ ನನ್ನ ಭಾವನೆ. ನಡುಕವನ್ನು ಅಳೆಯಲು ಯಂತ್ರವಾದರೂ ಇದೆ.

ಮೇಲ್ಮನವಿಯಲ್ಲಿ ಕಟ್ಟಿದ್ದು ಬಹುಪಾಲು ಬಿಚ್ಚಿಹೋಯಿತು. 2014ರ ನವೆಂಬರ್ 10ರಂದು ಲಾಕ್ವಿಲಾದ ಮೇಲ್ಮನವಿ ನ್ಯಾಯಾಲಯ ಆರು ತಜ್ಞರನ್ನು ಖುಲಾಸೆ ಮಾಡಿತು. ಸಭೆಯೊಳಗೆ ಅವರು ಆಡಿದ ಮಾತು ಆಗಿನ ವಿಜ್ಞಾನಕ್ಕೆ ವಿರುದ್ಧವಾಗಿರಲಿಲ್ಲ. 1703ರಂಥದ್ದು ಸದ್ಯಕ್ಕೆ ಬರುವ ಸಂಭವ ಕಡಿಮೆ, ಆದರೆ ಬರುವುದೇ ಇಲ್ಲ ಅನ್ನಲಾಗದು ಅಂತ ಬೋಸ್ಕಿ ಸಭೆಯಲ್ಲಿ ಹೇಳಿದ್ದು ನಡಾವಳಿಯಲ್ಲಿದೆ. ಹೊರಗೆ ಟೀವಿಯಲ್ಲಿ ಬಂದ ಭರವಸೆ ಅವರದಲ್ಲ. ಡೆ ಬರ್ನಾರ್ಡಿನಿಸ್ ಅವರ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿ ಅಮಾನತಿನಲ್ಲಿಟ್ಟರು. ಅದೂ ಮೊಕದ್ದಮೆಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದ್ದ 29 ಸಾವುಗಳಲ್ಲಿ 13ಕ್ಕೆ ಮಾತ್ರ. ಯಾರ ವಿಷಯದಲ್ಲಿ ಆ ಮಾತು ಕೇಳಿಯೇ ಒಳಗೆ ಉಳಿದರು ಅಂತ ನಂಬುವಂಥ ಸಾಕ್ಷಿ ಇತ್ತೋ ಅಷ್ಟಕ್ಕೆ. 2015ರ ನವೆಂಬರ್ 20ರಂದು ದೇಶದ ಅತ್ಯುನ್ನತ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು.

ಹದಿಮೂರು ಮತ್ತು ಇಪ್ಪತ್ತೊಂಬತ್ತರ ನಡುವಿನ ಆ ಹದಿನಾರು ಜನರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಅವರೂ ಅದೇ ರಾತ್ರಿ, ಅದೇ ಊರಿನಲ್ಲಿ ಸತ್ತವರು. ಅವರು ಏನು ಕೇಳಿದ್ದರು, ಏನು ಯೋಚಿಸಿ ಮಲಗಿದರು ಅಂತ ಹೇಳಲು ಗಟ್ಟಿ ಸಾಕ್ಷಿ ಉಳಿದಿರಲಿಲ್ಲ. ಕ್ರಿಮಿನಲ್ ಕಾನೂನಿನಲ್ಲಿ ಸಂಶಯದ ಲಾಭ ಆರೋಪಿಗೆ. ಅದು ಸರಿಯಾದ ನಿಯಮ. ಅದನ್ನು ಸಡಿಲಿಸಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆರು ಜನರ ಖುಲಾಸೆಯೂ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಆ ಮನೆಯವರಿಗೆ ಇದನ್ನು ಎದುರು ನಿಂತು ವಿವರಿಸುವುದು ಸುಲಭವಲ್ಲ.

ಇನ್ನೂ ಕಷ್ಟದ್ದು ಒಂದಿದೆ. 2022ರಲ್ಲಿ ಲಾಕ್ವಿಲಾದ ಸಿವಿಲ್ ಕೋರ್ಟಿನಲ್ಲಿ ಪರಿಹಾರದ ಒಂದು ಪ್ರಕರಣ ತೀರ್ಮಾನವಾಯಿತು. ಒಂದು ಕಟ್ಟಡ ಕುಸಿದು 24 ಜನ ಸತ್ತಿದ್ದರು. ಆ ರಾತ್ರಿ ದೊಡ್ಡ ಭೂಕಂಪಕ್ಕೆ ಮುಂಚೆ ಎರಡು ನಡುಕ ಬಂದಿದ್ದವು. ಒಂದು ರಾತ್ರಿ ಹನ್ನೊಂದರ ಸುಮಾರಿಗೆ, ಇನ್ನೊಂದು ಮಧ್ಯರಾತ್ರಿ ಕಳೆದ ಮೇಲೆ. ಅವು ಬಂದ ಮೇಲೂ ಒಳಗೆ ಮಲಗಿದ್ದು ಸತ್ತವರದೇ ಅಜಾಗರೂಕತೆ, ಶೇಕಡ 30ರಷ್ಟು ಹೊಣೆ ಅವರದು ಅಂತ ಕೋರ್ಟು ಹೇಳಿ ಪರಿಹಾರವನ್ನು ಅಷ್ಟು ಕಡಿತ ಮಾಡಿತು. ಊರಿಗೆ ಊರೇ ಸಿಟ್ಟಾಯಿತು. ಸಿಟ್ಟು ನ್ಯಾಯವೇ. ಒಂದು ಕೋರ್ಟು, ಅಧಿಕಾರಿಯ ಮಾತು ನಂಬಿ ಜನ ಒಳಗೆ ಉಳಿದರು ಅಂತು. ಇನ್ನೊಂದು ಕೋರ್ಟು, ಅವರಿಗೆ ತಿಳಿಯಬೇಕಿತ್ತು ಅಂತು. ದೇಶದ ತಜ್ಞರಿಗೆ ಒಂದು ಗಂಟೆಯ ಸಭೆಯಲ್ಲಿ ಬಗೆಹರಿಯದ ವಿಷಯವನ್ನು, ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿರುವ ಒಬ್ಬ ಮನುಷ್ಯ ಬಗೆಹರಿಸಿಕೊಳ್ಳಬೇಕಿತ್ತಾ? ಅನಿಶ್ಚಿತತೆಯ ಭಾರವನ್ನು ಯಾರ ತಲೆಯ ಮೇಲೆ ಹೊರಿಸುತ್ತೀರಿ ಅನ್ನುವುದೇ ನ್ಯಾಯದ ಪ್ರಶ್ನೆ. ಇಲ್ಲಿ ಅದನ್ನು ಹೊರಲಾರದವರ ಮೇಲೆ ಹೊರಿಸಿದರು.

ಇಷ್ಟೂ ಗೊಂದಲದ ಬೇರು ಎಲ್ಲಿದೆ ಅಂತ ನನಗೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಕಡೆಯ ಉದಾಹರಣೆಯಿಂದಲೇ ಹೇಳುತ್ತೇನೆ.

ತೊಗರಿ ರಾಶಿ ಮಾಡುವ ಕಾಲ. ಕಣದಲ್ಲಿ ರಾಶಿ ಬಿದ್ದಿದೆ. ರಾತ್ರಿ ಮಳೆ ಬರುವ ಸಂಭವ ನೂರಕ್ಕೆ ಐದು ಅಂದುಕೊಳ್ಳಿ. ರೈತ ಏನು ಮಾಡುತ್ತಾನೆ? ರಾಶಿಯ ಮೇಲೆ ತಾಡಪತ್ರಿ ಹೊದಿಸುತ್ತಾನೆ. ಮಳೆ ಬರುತ್ತದೆ ಅಂತ ನಂಬಿ ಅಲ್ಲ. ಹೊದಿಸುವುದು ಹತ್ತು ನಿಮಿಷದ ಕೆಲಸ, ಬಂದರೆ ವರ್ಷದ ದುಡಿಮೆ ಹೋಗುತ್ತದೆ. ಅದೇ ನೂರಕ್ಕೆ ಐದು ಸಂಭವಕ್ಕೆ ಹೆದರಿ ರಾಶಿಯನ್ನೆಲ್ಲ ರಾತ್ರೋರಾತ್ರಿ ಲಾರಿ ಬಾಡಿಗೆ ಮಾಡಿ ಸಾಗಿಸುತ್ತಾನಾ? ಇಲ್ಲ. ಸಂಭವ ಒಂದೇ. ಮಾಡಬೇಕಾದ ಕೆಲಸದ ಖರ್ಚು ಬೇರೆ. ಹಾಗಾಗಿ ತೀರ್ಮಾನವೂ ಬೇರೆ.

ಲಾಕ್ವಿಲಾದಲ್ಲಿ ಮೇಜಿನ ಸುತ್ತ ಕೂತವರ ತಲೆಯಲ್ಲಿ ಇದ್ದದ್ದು ಲಾರಿಯ ಪ್ರಶ್ನೆ: ಇಡೀ ಪಟ್ಟಣ ಖಾಲಿ ಮಾಡಿಸಬೇಕೇ? ಅಷ್ಟು ಸಣ್ಣ ಸಂಭವಕ್ಕೆ ಅದು ಸಲ್ಲದು, ಅಷ್ಟರಮಟ್ಟಿಗೆ ಅವರು ಸರಿ. ಜನ ಕೇಳುತ್ತಿದ್ದದ್ದು ತಾಡಪತ್ರಿಯ ಪ್ರಶ್ನೆ: ಇವತ್ತು ರಾತ್ರಿ ಕಾರಿನಲ್ಲಿ ಮಲಗಲೇ? ಅದಕ್ಕೆ ಅದೇ ಸಣ್ಣ ಸಂಭವ ಸಾಕಾಗುತ್ತಿತ್ತು. ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೂ ಕೊಟ್ಟದ್ದರಿಂದ ಅನಾಹುತವಾಯಿತು. ಕೋರ್ಟುಗಳು ತಜ್ಞರ ಸಾಕ್ಷಿ ತೂಗುವಾಗ ‘ಸಂಭವ ಎಷ್ಟು’ ಅಂತ ಮಾತ್ರ ಕೇಳಿದರೆ ಸಾಲದು. ‘ಯಾವ ತೀರ್ಮಾನಕ್ಕಾಗಿ’ ಅಂತಲೂ ಕೇಳಬೇಕು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಇಂಥ ಪ್ರಶ್ನೆ ಸಾಮಾನ್ಯವಾಗಿ ಕ್ರಿಮಿನಲ್ ಕೇಸಾಗಿ ಬರುವುದಿಲ್ಲ. ಅನಾಹುತಕ್ಕೆ ಮುಂಚೆಯೇ, ಒಂದು ಯೋಜನೆ ಬೇಕೋ ಬೇಡವೋ ಅಂತ ಬರುತ್ತದೆ. ಆಗ ‘ಗೊತ್ತಿಲ್ಲ’ ಎಂಬುದರ ತೂಕವೇ ಬದಲಾಗಿಬಿಡುತ್ತದೆ.

ತೆಹ್ರಿ ಅಣೆಕಟ್ಟನ್ನೇ ನೋಡಿ. ಭಾಗೀರಥಿ ನದಿಗೆ ಅಡ್ಡ, ಹಿಮಾಲಯದ ಮಡಿಲಲ್ಲಿ, 260.5 ಮೀಟರ್ ಎತ್ತರ. ಹಿಮಾಲಯ ಭೂಕಂಪದ ಸೀಮೆ ಅಂತ ಶಾಲೆಯ ಮಕ್ಕಳಿಗೂ ಗೊತ್ತು. ಎಂಟರ ಮೇಲಿನ ಭೂಕಂಪ ಬಂದರೆ ಅದು ತಡೆಯುತ್ತದೆಯೇ? ತಜ್ಞರಲ್ಲೇ ಒಮ್ಮತ ಇರಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ತಜ್ಞರ ಜಗಳದಲ್ಲಿ ಯಾರು ಸರಿ ಅಂತ ತೀರ್ಮಾನಿಸುವ ಪರಿಣತಿ ನಮಗಿಲ್ಲ. ಸರ್ಕಾರ ಅಪಾಯವನ್ನು ಗಮನಿಸಿ ಯೋಚಿಸಿದೆಯೇ ಅಂತಷ್ಟೇ ನೋಡುತ್ತೇವೆ. ಆ ಮಾತಿನ ಮರುವರ್ಷವೇ, 1991ರ ಅಕ್ಟೋಬರಿನಲ್ಲಿ, ಅದೇ ಸೀಮೆಯ ಉತ್ತರಕಾಶಿಯಲ್ಲಿ ಭೂಕಂಪ ಆಯಿತು. ವಿವಾದ ಮತ್ತೆ ಕೋರ್ಟಿಗೆ ಬಂತು. 2003ರ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೈಕಿ ಇಬ್ಬರು ಯೋಜನೆ ಮುಂದುವರಿಯಲಿ ಅಂದರು. ಮೂರನೆಯವರಾದ ನ್ಯಾಯಮೂರ್ತಿ ಧರ್ಮಾಧಿಕಾರಿ ಬೇರೆ ಬರೆದರು. ಭೂಕಂಪಕ್ಕೆ ಅಣೆಕಟ್ಟು ಹೇಗೆ ಅಲುಗುತ್ತದೆ ಅಂತ ಇನ್ನೂ ಆಳದ ಲೆಕ್ಕ ಆಗಲಿ, ಒಡೆದರೆ ನೀರು ಎಲ್ಲಿಗೆ ಹೇಗೆ ನುಗ್ಗುತ್ತದೆ ಅಂತ ಪರೀಕ್ಷೆ ಆಗಲಿ, ಆಮೇಲೆ ನೀರು ತುಂಬಿಸಿ ಅಂತ. ನನಗೆ ಈ ಭಿನ್ನ ಮತವೇ ತಾಡಪತ್ರಿಯ ಮಾತಾಗಿ ಕಾಣುತ್ತದೆ. ಅಣೆಕಟ್ಟು ಬೇಡ ಅಂತ ಅವರು ಹೇಳಲಿಲ್ಲ. ಕೆಲವು ತಿಂಗಳ ಲೆಕ್ಕದ ಕೆಲಸ ಕೇಳಿದರು, ಅಷ್ಟೆ.

ಈ ಎರಡು ತೀರ್ಪುಗಳ ನಡುವೆ, 1999ರಲ್ಲಿ, ಇನ್ನೊಂದು ದೊಡ್ಡ ತೀರ್ಪು ಬಂತು. ಹೈದರಾಬಾದಿಗೆ ಕುಡಿಯುವ ನೀರು ಕೊಡುವ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳ ಹತ್ತಿರ ಒಂದು ಎಣ್ಣೆ ಕಾರ್ಖಾನೆ ಬೇಕೇ ಅನ್ನುವುದು ಪ್ರಶ್ನೆ. (ನಿಮಗೆ ಗೊತ್ತಿರಬಹುದು, ಆ ಕೆರೆಗಳು ಹುಟ್ಟಿದ್ದೇ 1908ರ ಮೂಸಿ ನದಿಯ ಭಾರೀ ಪ್ರವಾಹದ ನಂತರ. ಆಗ ಸಲಹೆ ಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರು.) ನ್ಯಾಯಮೂರ್ತಿ ಜಗನ್ನಾಥ ರಾವ್ ಆ ತೀರ್ಪಿನಲ್ಲಿ ವಿಜ್ಞಾನದ ಅನಿಶ್ಚಿತತೆಯನ್ನೇ ಎದುರಿಟ್ಟುಕೊಂಡು ಬರೆದರು. ಹಾನಿ ಆಗುತ್ತದೆಯೋ ಇಲ್ಲವೋ ಅಂತ ಖಚಿತ ಇಲ್ಲದಾಗ, ಹಾನಿ ಆಗುವುದಿಲ್ಲ ಅಂತ ತೋರಿಸುವ ಹೊಣೆ ಯೋಜನೆ ತರುವವರ ಮೇಲಿದೆ. ಮುನ್ನೆಚ್ಚರಿಕೆ ತತ್ವ ಅನ್ನುವುದು ಇದನ್ನೇ. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮಾಲಿನ್ಯದ ಬಗ್ಗೆ ಬಂದ 1996ರ ವೆಲ್ಲೂರು ತೀರ್ಪಿನಲ್ಲೇ ಅದು ನಮ್ಮ ಕಾನೂನಿನ ಭಾಗವಾಗಿತ್ತು. ಇಂಥ ವಿಷಯಗಳಿಗೆ ವಿಜ್ಞಾನ ಬಲ್ಲವರೂ ಕೂರುವ ನ್ಯಾಯಪೀಠ ಬೇಕು ಅಂತಲೂ 1999ರ ತೀರ್ಪು ಹೇಳಿತು. 2010ರಲ್ಲಿ ಬಂದ ಹಸಿರು ನ್ಯಾಯಮಂಡಳಿಯಲ್ಲಿ ತಜ್ಞ ಸದಸ್ಯರು ಇದ್ದಾರಲ್ಲ, ಆ ಯೋಚನೆಗೆ ಬಲ ಬಂದದ್ದು ಇಲ್ಲಿಂದ.

ಒಂದೇ ‘ಗೊತ್ತಿಲ್ಲ’. ಕ್ರಿಮಿನಲ್ ಕೋರ್ಟಿನಲ್ಲಿ ಅದು ಆರೋಪಿಯನ್ನು ಬಿಡಿಸುತ್ತದೆ. ಮುನ್ನೆಚ್ಚರಿಕೆಯ ಕೋರ್ಟಿನಲ್ಲಿ ಯೋಜನೆಯನ್ನು ತಡೆಯುತ್ತದೆ. ಇದರಲ್ಲಿ ವಿರೋಧ ಏನೂ ಇಲ್ಲ. ಒಬ್ಬ ಮನುಷ್ಯನ ಸ್ವಾತಂತ್ರ್ಯ ಕಸಿಯುವ ಮುಂಚೆ ಕೇಳುವ ಖಚಿತತೆಯನ್ನು, ಒಂದು ಕಣಿವೆಯ ಜನರನ್ನು ಕಾಪಾಡುವ ಮುಂಚೆ ಕೇಳಬಾರದು. ಕೇಳಿದರೆ ಖಚಿತತೆ ಬರುವುದು ಹೆಣಗಳ ಲೆಕ್ಕ ಸಿಕ್ಕ ಮೇಲೆಯೇ.

2013ರ ಜೂನ್‌ನಲ್ಲಿ ಕೇದಾರನಾಥದ ಪ್ರವಾಹದಲ್ಲಿ ಅದೇ ಆಯಿತು. ಎರಡು ತಿಂಗಳ ನಂತರ, ಆಗಸ್ಟ್ 13ರಂದು, ಅಲಕನಂದಾ ನದಿಯ ಒಂದು ವಿದ್ಯುತ್ ಯೋಜನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಒಂದು ಹೆಜ್ಜೆ ಇಟ್ಟಿತು. ಉತ್ತರಾಖಂಡದಲ್ಲಿ ಹೊಸ ಜಲವಿದ್ಯುತ್ ಯೋಜನೆಗಳಿಗೆ ಸದ್ಯ ಅನುಮತಿ ಬೇಡ ಎಂದಿತು. ಯೋಜನೆಗಳಿಂದ ಅನಾಹುತ ಹೆಚ್ಚಾಯಿತೇ ಎಂದು ತಜ್ಞರು ನೋಡಲಿ ಎಂದಿತು. ರವಿ ಚೋಪ್ರಾ ನೇತೃತ್ವದ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನೋಡಲು ಹೇಳಿದ್ದ 24 ಯೋಜನೆಗಳ ಪೈಕಿ 23ರಿಂದ ಸರಿಪಡಿಸಲಾಗದ ಹಾನಿ ಆಗುತ್ತದೆ ಎಂದಿತು.

ಆ ಪ್ರವಾಹದಲ್ಲಿ ಉತ್ತರಾಖಂಡದ ಶ್ರೀನಗರ ಪಟ್ಟಣದ ಮನೆಗಳು ಹೂಳಿನಲ್ಲಿ ಹುಗಿದುಹೋಗಿದ್ದವು. ನದಿ ದಡದಲ್ಲಿ ಆ ವಿದ್ಯುತ್ ಯೋಜನೆಯ ಕಂಪನಿ ಸುರಿದಿದ್ದ ಮಣ್ಣಿನ ರಾಶಿಯೇ ಕೊಚ್ಚಿಕೊಂಡು ಬಂತು ಅಂತ ಜನ. ಇದು ಮೇಘಸ್ಫೋಟ, ದೈವಾಧೀನ, ನಮ್ಮ ಹೊಣೆ ಇಲ್ಲ ಅಂತ ಕಂಪನಿ. ಮಳೆ ದೇವರದಾದರೂ ಮಣ್ಣಿನ ರಾಶಿ ಮನುಷ್ಯರದು. 2016ರಲ್ಲಿ ಹಸಿರು ನ್ಯಾಯಮಂಡಳಿ ದೈವಾಧೀನದ ವಾದವನ್ನು ತಳ್ಳಿಹಾಕಿ, ಸುಮಾರು 9.26 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಇಲ್ಲಿ ನೀರಿನಷ್ಟೇ ಕೆಸರೂ ಸಾಕ್ಷಿಯಾಯಿತು. ಅನಾಹುತದಲ್ಲಿ ಪ್ರಕೃತಿಯ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಅಂತ ಕೊನೆಯ ಪೈಸೆವರೆಗೆ ಲೆಕ್ಕ ಹಾಕಲು ಆಗುವುದಿಲ್ಲ. ಆಗುವುದಿಲ್ಲ ಅನ್ನುವುದೇ ತಪ್ಪಿಸಿಕೊಳ್ಳಲು ದಾರಿಯಾಗಬಾರದು.

ಕಾನೂನು ಓದುವ ಮಕ್ಕಳಿಗೆ ಒಂದು ಮಾತು. ತಜ್ಞರ ಅಭಿಪ್ರಾಯದ ಬಗ್ಗೆ ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಇತ್ತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ. ಎರಡರಲ್ಲೂ ತಜ್ಞ ಹೇಳುವುದು ಅಭಿಪ್ರಾಯ. ಅದರ ಆಧಾರವನ್ನು ಕೋರ್ಟಿನ ಮುಂದೆ ಇಡಬೇಕು. ನೀವು ನಾಳೆ ವಕೀಲರಾಗಿ ಪಾಟೀಸವಾಲಿಗೆ ನಿಂತಾಗ, ತಜ್ಞ ‘ಖಚಿತವಾಗಿ ಹೇಳಲಾರೆ’ ಅಂದ ತಕ್ಷಣ ಗೆದ್ದೆ ಅಂತ ಕೂರಬೇಡಿ. ಅದು ಪ್ರಾಮಾಣಿಕ ತಜ್ಞನ ಗುರುತು. ಎಷ್ಟು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ, ತಿಳಿಯಲು ಏನು ಮಾಡಬಹುದಿತ್ತು, ಮಾಡಿದರಾ ಅಂತ ಮುಂದುವರಿಸಿ ಕೇಳಿ. ‘ನೂರಕ್ಕೆ ನೂರು’ ಅನ್ನುವ ತಜ್ಞನನ್ನು ಇನ್ನೂ ಜಾಸ್ತಿ ಕೇಳಿ.

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ವಿದ್ಯಾರ್ಥಿ ಕೇಳಿದ: “ಸರ್, ಹೀಗೆ ಕೇಸು ಹಾಕಿದರೆ ವಿಜ್ಞಾನಿಗಳು ಬಾಯಿ ಬಿಡುವುದನ್ನೇ ನಿಲ್ಲಿಸುವುದಿಲ್ಲವಾ?” ಆ ಭಯ ನಿಜ. ಜೈಲಿನ ಹೆದರಿಕೆ ಇದ್ದರೆ ಜನ ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಪ್ರತಿ ನಡುಕಕ್ಕೂ ಊರು ಬಿಡಿ ಅನ್ನುತ್ತಾರೆ. ಅದಕ್ಕೇ ಆರು ಜನರ ಖುಲಾಸೆ ಸರಿ ಅಂದದ್ದು. ಆದರೆ ಲಾಕ್ವಿಲಾದಲ್ಲಿ ಶಿಕ್ಷೆ ಉಳಿದದ್ದು ‘ಗೊತ್ತಿಲ್ಲ’ ಅಂದವರಿಗೆ ಅಲ್ಲ, ‘ಏನೂ ಆಗುವುದಿಲ್ಲ’ ಅಂದವರಿಗೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. “ಆ ಸಭೆಯಲ್ಲಿ ನೀವೇ ಇದ್ದಿದ್ದರೆ ಟೀವಿಯವರಿಗೆ ಏನು ಹೇಳುತ್ತಿದ್ದಿರಿ?”

ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಹೀಗೆ ಹೇಳುತ್ತಿದ್ದೆ ಅಂದೆ: “ದೊಡ್ಡದು ಬರುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಬಾರದೆ ಇರುವ ಸಂಭವವೇ ಜಾಸ್ತಿ. ಆದರೆ ಈ ನಡುಕಗಳಿಗೆ ಮುಂಚೆ ಇದ್ದದ್ದಕ್ಕಿಂತ ಅಪಾಯ ಈಗ ಹೆಚ್ಚು. ಈ ಊರು ಹಿಂದೆ ಬಿದ್ದದ್ದು ನಿಮಗೇ ಗೊತ್ತು. ನಿಮ್ಮದು ಹಳೆಯ ಕಲ್ಲಿನ ಮನೆಯಾದರೆ, ಜೋರಾಗಿ ನಡುಗಿದ ರಾತ್ರಿ ನಿಮ್ಮ ಹಿರಿಯರು ಮಾಡುತ್ತಿದ್ದ ಹಾಗೆ ಹೊರಗೆ ಮಲಗಿ. ಅದರಲ್ಲಿ ತಪ್ಪೇನಿಲ್ಲ.”

“ಹಾಗಂದರೆ ಜನ ಗಾಬರಿ ಆಗಲ್ವಾ ಸರ್?”

ಅದಕ್ಕೆ ನನ್ನ ಬಳಿ ಅಂಕಿ ಅಂಶದ ಉತ್ತರ ಇರಲಿಲ್ಲ. ಒಂದು ರಾತ್ರಿಯ ನೆನಪು ಇತ್ತು, ಅದನ್ನೇ ಹೇಳಿದೆ. ಕಿಲ್ಲಾರಿ ಭೂಕಂಪದ ಮರುದಿನ ರಾತ್ರಿ. ಆಳಂದ ತಾಲೂಕಿನ ನಮ್ಮ ಹಳ್ಳಿ. ಮತ್ತೆ ಬರುತ್ತದಾ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಸಂಜೆ ಅವ್ವ ಒಲೆ ಆರಿಸಿ, ರೊಟ್ಟಿ ಬುಟ್ಟಿ, ನೀರಿನ ಕೊಡ, ಕೌದಿಗಳನ್ನು ಅಂಗಳ ದಾಟಿಸಿ ಬಯಲಿಗೆ ತಂದಿಟ್ಟಳು. “ಇವತ್ತ ಮಾಳಗಿ ಕೆಳಗ ಬ್ಯಾಡ” ಅಂದಳು, ಅಷ್ಟೇ. ಪಕ್ಕದ ಮನೆಯವರೂ ಬಂದರು. ಕಂದೀಲು ಸಣ್ಣ ಮಾಡಿ ಇಟ್ಟರು. ಯಾರೂ ಓಡಲಿಲ್ಲ, ಯಾರೂ ಚೀರಲಿಲ್ಲ. ಮಕ್ಕಳು ಚುಕ್ಕಿ ಎಣಿಸುತ್ತಾ ನಿದ್ದೆ ಹೋದರು. ಬೆಳಗಾದ ಮೇಲೆ ಅವ್ವ ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು.